ಪೋಕ್ಸೊ ಸುದ್ದಿಯಲ್ಲಿ ಶಾಲೆಯ ಹೆಸರು ಹಾಕಬಹುದಾ?

ಪ್ರಶ್ನೆ: ನಾನು ತಾಲ್ಲೂಕು ವರದಿಗಾರ. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆ) ಪ್ರಕರಣವೊಂದರ ಸುದ್ದಿಯನ್ನು ಬಾಲಕಿಯ ಹೆಸರಿಲ್ಲದೆ ಕಳಿಸಿದ್ದೇನೆ. ಶಾಲೆಯ ಹೆಸರಾದರೂ ಬೇಕು ಅಂತ ಡೆಸ್ಕಿನವರ ಒತ್ತಾಯ. ಊರಲ್ಲಿ ಇರುವುದೇ ಒಂದು ಹೈಸ್ಕೂಲು. ನನಗೆ ಮನಸ್ಸು ಒಪ್ಪುತ್ತಿಲ್ಲ.

ಉತ್ತರ 1: ಖಂಡಿತ ಬೇಡ ಸರ್. ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ನೋಡಿ. ಹೆಸರು, ವಿಳಾಸ, ಫೋಟೊ, ಮನೆಯವರ ವಿವರ, ಶಾಲೆ, ನೆರೆಹೊರೆ ಯಾವುದನ್ನೂ ಹಾಕುವಂತಿಲ್ಲ. ತಪ್ಪಿದರೆ 6 ತಿಂಗಳಿಂದ 1 ವರ್ಷ ಜೈಲು ಅಥವಾ ದಂಡ, ಇಲ್ಲವೇ ಎರಡೂ. ಪತ್ರಿಕೆಯ ಮಾಲೀಕರೂ ಹೊಣೆಯಾಗುತ್ತಾರೆ. ಇದನ್ನೇ ಡೆಸ್ಕಿಗೆ ಹೇಳಿ.

ಉತ್ತರ 2: ಆರೋಪಿ ಸಂಬಂಧಿಕನಾಗಿದ್ದರೆ ಅವನ ಹೆಸರನ್ನೂ ಬಿಡಿ. ‘ಮಲತಂದೆ’ ಅಂತ ಬರೆದು ಹೆಸರು ಹಾಕಿದರೆ ಮಗು ಯಾರೆಂದು ಊರಿಗೇ ಗೊತ್ತಾಗುತ್ತೆ ಅಲ್ವಾ?

ಪ್ರಶ್ನೆ ಕೇಳಿದವರು: ಎಫ್‌ಐಆರ್ ಆಗಲೇ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆಯಲ್ಲ?

ಉತ್ತರ 1: ಆದರೂ ನೀವು ಹಾಕಬೇಡಿ. ಪೋಕ್ಸೊ ಎಫ್‌ಐಆರ್ ಬಹಿರಂಗವಾಗಬಾರದು ಅಂತ 2018ರಲ್ಲಿ ನಿಪುಣ್ ಸಕ್ಸೇನಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.