ಮ್ಯಾಚಲ್ಲಿ ಹಾಕಿದ ಹಾಕಿ ಜೆರ್ಸಿಗೆ ಬೂಷ್ಟು: ಬಟ್ಟೆ ಸಂರಕ್ಷಣೆ ಮೇಡಂಗೆ ಕೇಳಿ

ಕದ್ರಿ: ಮೇಡಂ, ಟೊರೊಂಟೊದಲ್ಲಿರುವ ಭಾವ ಮೇಪಲ್ ಲೀಫ್ಸ್ ಟೀಮಿನ ಐಸ್ ಹಾಕಿ ಜೆರ್ಸಿ ಕೊಟ್ಟಿದ್ದಾರೆ, ಮ್ಯಾಚಲ್ಲಿ ಹಾಕಿದ್ದೇ ಅಂತೆ. ಕಪಾಟಲ್ಲಿಟ್ಟಿದ್ದೆ, ಈ ಮಳೆಗೆ ಕಾಲರ್ ಹತ್ರ ಬಿಳಿ ಬೂಷ್ಟು, ಮುಗ್ಗು ವಾಸನೆ. ಎಡ ತೋಳಲ್ಲಿ ಕಪ್ಪು ಗೀರು, ಪಕ್ಕದಲ್ಲಿ ಹರಿದು ಹೊಲಿದ ಜಾಗ ಉಂಟು. ಮೆಷಿನ್‌ಗೆ ಹಾಕ್ಬಹುದಾ?

ಮೇಡಂ: ನೀರು ತಾಗಿಸ್ಲೇಬೇಡಿ ಮಾರಾಯ್ರೆ! ಆ ಗೀರು ಕೊಳೆ ಅಲ್ಲ, ಪಕ್ ಅಥವಾ ಸ್ಟಿಕ್ಕಿನ ಟೇಪ್ ಉಜ್ಜಿದ ಗುರುತು ಇರಬಹುದು, ಪಕ್ ಅಂದ್ರೆ ಐಸ್ ಹಾಕಿಯಲ್ಲಿ ಚೆಂಡಿನ ಬದಲು ಹೊಡೆಯುವ ಗಟ್ಟಿ ಕಪ್ಪು ರಬ್ಬರ್ ಬಿಲ್ಲೆ. ಹೊಲಿಗೆ ಟೀಮಿನವರೇ ಹಾಕಿದ್ದಿರಬಹುದು. ಹೊಲಿಗೆ ಎಲ್ಲಿ ವಾರೆಯಾಗಿದೆ, ಗೀರು ಎಷ್ಟುದ್ದ ಅಂತ ಮ್ಯಾಚಿನ ಫೋಟೋ ಜೊತೆ ಇಟ್ಟು ನೋಡಿಯೇ ಇದು ಅದೇ ಜೆರ್ಸಿ ಅಂತ ಹೇಳೋದು, ತೊಳೆದ್ರೆ ಸಾಕ್ಷಿಯೇ ಹೋಯ್ತು. ಬೂಷ್ಟು ಪಾಲಿಯೆಸ್ಟರ್ ತಿನ್ನೋದಲ್ಲ, ಉಳಿದ ಬೆವರು, ಜಿಡ್ಡು ತಿಂದು ಬೆಳೆಯೋದು. ಮೊದ್ಲು ಸ್ಕೇಲ್ ಇಟ್ಟು ಎಲ್ಲಾ ಗುರುತಿನ ಫೋಟೋ ತೆಗೀರಿ. ಆಮೇಲೆ ಬೇರೆ ಬಟ್ಟೆಯಿಂದ ದೂರ, ಎಸಿ ಡ್ರೈ ಮೋಡಲ್ಲಿಟ್ಟ ಕೋಣೆಯಲ್ಲಿ ಹತ್ತಿ ಬಟ್ಟೆ ಮೇಲೆ ಮಲಗಿಸಿ, ಬೂಷ್ಟು ಒಣಗಿ ಪುಡಿಯಾದ್ಮೇಲೆ ಮಾಸ್ಕ್ ಹಾಕಿ ಹೊರಗೆ ಜಗಲಿಯಲ್ಲಿ ಮೆತ್ತನೆ ಬ್ರಷ್, ಅದೂ ಕಾಲರಿಗೆ ಮಾತ್ರ. ಹಸಿ ಇರುವಾಗ ಉಜ್ಜಿದ್ರೆ ನೂಲಿನೊಳಗೆ ಕೂರ್ತದೆ. ಗಾಳಿಯ ತೇವ 65 ಪರ್ಸೆಂಟ್ ದಾಟಿದ್ರೆ ಮತ್ತೆ ಬರ್ತದೆ, ತೇವ ಅಳೆಯುವ ಹೈಗ್ರೋಮೀಟರ್ ಇಡಿ. ಒಳಗಿನ ಲೇಬಲ್ ಫೋಟೋ ಹಾಕಿ, ನಂಗೆ ನೋಡ್ಲೇಬೇಕು.

ಕುಂದಾಪುರ: ವಿನೆಗರಿಗೆ ಸೋಡಾ ಹಾಕಿ ತಿಕ್ಕಿ ಬಿಸಿಲಲ್ಲಿ ಒಣಗಿಸಿದ್ರೆ ಸರಿಯಾಗ್ತದಂತೆ, ವಾಟ್ಸಾಪಲ್ಲಿ ಬಂದಿದೆ.

ಮೇಡಂ: ಎರಡೂ ಸೇರಿದ್ರೆ ನೊರೆ ಬಂದು ಎರಡರ ಶಕ್ತಿಯೂ ಮುಗೀತದೆ. ಬಿಸಿಲಿಗೆ ಬಣ್ಣ ಹೋಗ್ತದೆ. ಫಾರ್ವರ್ಡ್ ಇಲ್ಲಿ ಹಾಕ್ಬೇಡಿ.

ಸುರತ್ಕಲ್: ನುಸಿಗುಳಿಗೆ, ಕರ್ಪೂರ ಒಟ್ಟಿಗೆ ಇಡ್ಬಹುದಾ?

ಮೇಡಂ: ಬೇಡ. ಒಂದಕ್ಕೊಂದು ತಾಗಿದ್ರೆ ಕರಗಿ ನೀರಾಗ್ತದೆ, ಬಟ್ಟೆಗೆ ಕಲೆ. ನುಸಿಗುಳಿಗೆ ಹುಳಕ್ಕೆ, ಬೂಷ್ಟಿಗಲ್ಲ.

ಕಾರ್ಕಳ: ಇಂಥ ಜೆರ್ಸಿಗೆ ಎಷ್ಟು ರೇಟ್ ಉಂಟು?

ಮಣಿಪಾಲ: ಮೇಡಂ, ತಣ್ಣೀರಲ್ಲಿ ತೊಳೀಬಹುದಲ್ವಾ?

ಮೇಡಂ: ಮೇಲೆ ಓದಿ.

ಕದ್ರಿ: ಹಿಂದೆ ಕೆಳಗೆ ಒಳಗಡೆ ಒಂದು ಪಟ್ಟಿ ಹೊಲಿದಿದ್ದಾರೆ, ಎಂತಕ್ಕೆ?

ಉಡುಪಿ: ಅದು ಫೈಟ್ ಸ್ಟ್ರಾಪ್, ಪ್ಯಾಂಟಿಗೆ ಸಿಕ್ಕಿಸೋದು, ಜಗಳದಲ್ಲಿ ಎದುರಿನವ ಜೆರ್ಸಿಯನ್ನು ತಲೆ ಮೇಲೆ ಎಳೀಬಾರ್ದು ಅಂತ. ಅದು ಉಂಟು ಅಂದ್ರೆ ಮ್ಯಾಚಿನದ್ದೇ.

ಕಂಕನಾಡಿ: ಅಂಗಡಿಯಲ್ಲಿ ಮಾರುವ ಅಥೆಂಟಿಕ್ ಜೆರ್ಸಿಗೂ ಇರ್ತದೆ, ಜನರನ್ನು ದಾರಿ ತಪ್ಪಿಸ್ಬೇಡಿ.

ಉಡುಪಿ: ನನ್ನತ್ರ 2010ರ ಎನ್‌ಎಚ್‌ಎಲ್ (ಅಮೆರಿಕ, ಕೆನಡಾದ ಐಸ್ ಹಾಕಿ ಲೀಗ್) ಮ್ಯಾಚಿನ ಅಡಿಡಾಸ್ ಜೆರ್ಸಿ ಉಂಟು, ನಂಗೆ ಹೇಳ್ಲಿಕ್ಕೆ ಬರ್ಬೇಡಿ.

ಮೇಡಂ: 2010ರಲ್ಲಿ ಎನ್‌ಎಚ್‌ಎಲ್‌ಗೆ ಜೆರ್ಸಿ ಕೊಡ್ತಿದ್ದದ್ದು ರೀಬಾಕ್. ಅಡಿಡಾಸ್ ಬಂದದ್ದು 2017-18ರ ಸೀಸನ್ನಿಗೆ.

ಉಡುಪಿ: ಅಂದ್ರೆ ನಾನು ಸುಳ್ಳಾ?

ಕಂಕನಾಡಿ: ಮಾರಿದವನನ್ನು ಕೇಳಿ.

ಬಜ್ಪೆ: ಕೊಡಗಿನವರ ಹಾಕಿ ಬಿಟ್ಟು ಕೆನಡಾದ್ದು ಎಂತಕ್ಕೆ? 1975ರಲ್ಲಿ ಕೌಲಾಲಂಪುರದಲ್ಲಿ ಪಾಕಿಸ್ತಾನವನ್ನು 2-1 ಸೋಲಿಸಿ ವರ್ಲ್ಡ್ ಕಪ್ ಗೆದ್ದ ಟೀಮಿನ ಜೆರ್ಸಿ ಯಾರಾದ್ರೂ ಜೋಪಾನ ಮಾಡಿದ್ದಾರಾ?

ಕಂಕನಾಡಿ: ಅದಕ್ಕೆ ಬೇರೆ ಪೋಸ್ಟ್ ಹಾಕಿ.

ಕಾರ್ಕಳ: ರೇಟ್ ಕೇಳಿದ್ದೆ.

ಮೇಡಂ: ಕದ್ರಿಯವ್ರೆ, ಪಟ್ಟಿ ಹೊಲಿದ ಮೂಲೆ ಹತ್ತಿರದಿಂದ ತೆಗೀರಿ. ಎಳೆದೆಳೆದು ನೂಲು ಸಡಿಲ ಆಗಿದೆಯಾ, ಹೊಸದರ ಹಾಗೆ ಗಟ್ಟಿ ಉಂಟಾ ನೋಡ್ಬೇಕು. ಹ್ಯಾಂಗರಿಗೆ ನೇತು ಹಾಕಿದ್ರೆ ಈಗ್ಲೇ ಇಳಿಸಿ.