ಏರ್‌ಫೋರ್ಸ್ ಗ್ರೌಂಡ್ ಕ್ರೂ ಕೆಲಸ ನಿಜಕ್ಕೂ ಹೇಗಿರುತ್ತೆ? ಮಾಡಿದವರು ಹೇಳಿ

ಅಕ್ಕ_ಬೆಳಗಾವಿ:
ನನ್ನ ತಮ್ಮ ಅಗ್ನಿವೀರ್ ವಾಯು ಆಗಿ ಸೆಲೆಕ್ಟ್ ಆಗಿದ್ದಾನೆ, ಈಗ ಸಾಂಬ್ರಾದಲ್ಲಿ ಟ್ರೇನಿಂಗ್. ಫೋನ್ ಸಿಕ್ಕಾಗ ಓಟ, ಪರೇಡ್, ಬೂಟ್ ಪಾಲಿಶ್, ಇಷ್ಟೇ ಸುದ್ದಿ. ಮುಂದೆ ವಿಮಾನದ ಹತ್ತಿರ ಕೆಲಸ ಸಿಗಲಿ ಅಂತ ಅವನಿಗೆ ಬಹಳ ಆಸೆ. ಯೂಟ್ಯೂಬ್‌ನಲ್ಲಿ ಹುಡುಕಿದರೆ ಬರೀ ಮ್ಯೂಸಿಕ್ ಹಾಕಿದ ಜೆಟ್ ವಿಡಿಯೋಗಳು, ಕೆಳಗೆ ನಿಂತವರು ಏನು ಮಾಡುತ್ತಾರೆ ಅಂತ ಯಾರೂ ತೋರಿಸುವುದಿಲ್ಲ. ಇಲ್ಲಿ ರಿಟೈರ್ ಆದವರು ಇದ್ದೀರಲ್ವಾ, ದಿನಾ ಏನು ಕೆಲಸ ಇರುತ್ತಿತ್ತು? ಅಪಾಯ ಎಷ್ಟು?

ಹಳೇ_ಫಿಟ್ಟರ್:
ತಂಗಿ, ನಾನು ಏರ್‌ಫ್ರೇಮ್ ಫಿಟ್ಟರ್ ಆಗಿದ್ದೆ, ಅಂದರೆ ವಿಮಾನದ ಬಾಡಿ ನೋಡಿಕೊಳ್ಳುವ ಮೆಕ್ಯಾನಿಕ್, ಸರ್ವಿಸ್‌ನ ಬಹುಪಾಲು ಮಿಗ್-21 ಫೈಟರ್ ಜೊತೆಗೇ ಕಳೆಯಿತು. 1963ರಲ್ಲಿ ಬಂದ ವಿಮಾನ, 2025ರ ಸೆಪ್ಟೆಂಬರ್‌ನಲ್ಲಿ ಚಂಡೀಗಢದಲ್ಲಿ ಬೀಳ್ಕೊಟ್ಟರು. ಟೀವಿಯಲ್ಲಿ ಅದನ್ನು ನೋಡುವಾಗ ಎಲ್ಲರೂ ಪೈಲಟ್‌ಗಳನ್ನೇ ಮಾತಾಡಿಸುತ್ತಿದ್ದರು, ಸರಿ ಬಿಡಿ, ಅದು ಯಾವಾಗಲೂ ಹಾಗೇ.

ಫ್ಲೈಯಿಂಗ್ ಇರುವ ದಿನ ಕತ್ತಲಲ್ಲೇ ವಿಮಾನ ನಿಲ್ಲುವ ಟಾರ್ಮ್ಯಾಕ್‌ಗೆ ಹೋಗಬೇಕು. ಮೊದಲ ಕೆಲಸ ನೆಲ ನೋಡುವುದು. ಎಲ್ಲರೂ ಸಾಲಾಗಿ ನಿಂತು, ತಲೆ ತಗ್ಗಿಸಿ, ಕಲ್ಲು, ಮೊಳೆ, ವೈರಿನ ತುಂಡು ಏನೇ ಕಂಡರೂ ಹೆಕ್ಕುತ್ತಾ ಹೋಗುವುದು. ಒಂದು ಸಣ್ಣ ನಟ್ಟು ಎಂಜಿನ್ ಒಳಗೆ ಎಳೆದುಕೊಂಡರೆ ಬ್ಲೇಡ್‌ಗಳು ಹಾಳಾಗುತ್ತವೆ. ಟೂಲ್‌ಗಳಿಗೂ ಹಾಗೇ ಲೆಕ್ಕ. ಬೋರ್ಡ್ ಮೇಲೆ ಪ್ರತಿ ಸ್ಪ್ಯಾನರ್‌ಗೂ ಅದರದೇ ಆಕಾರ ಬರೆದಿರುತ್ತದೆ, ಸಂಜೆ ಒಂದು ಜಾಗ ಖಾಲಿ ಕಂಡರೆ ಅದು ಸಿಗುವವರೆಗೆ ಆ ವಿಮಾನ ಹಾರುವಂತಿಲ್ಲ, ನಾವೂ ರೂಮಿಗೆ ಹೋಗುವಂತಿಲ್ಲ.

ಆಮೇಲೆ ಕವರ್ ತೆಗೆಯುವುದು, ಟೈರು, ಹೈಡ್ರಾಲಿಕ್ ಲೀಕ್ ನೋಡುವುದು, ಟ್ಯಾಂಕಿನ ತಳದಿಂದ ಸ್ವಲ್ಪ ಇಂಧನ ಬಿಟ್ಟು ನೀರು ಸೇರಿದೆಯಾ ಅಂತ ಪರೀಕ್ಷಿಸುವುದು. ಪೈಲಟ್ ಕೂತ ಮೇಲೆ ಬೆಲ್ಟ್ ಬಿಗಿಯಲು ಏಣಿ ಹತ್ತಿ ಸಹಾಯ ಮಾಡುತ್ತೇವೆ. ಅಪಾಯ ಬಂದರೆ ಪೈಲಟ್‌ನನ್ನು ಹೊರಗೆ ಎಸೆಯುವ ಇಜೆಕ್ಷನ್ ಸೀಟಿನ ಸೇಫ್ಟಿ ಪಿನ್‌ಗಳು ಸರಿಯಾಗಿ ಹೊರಗೆ ಬಂದಿವೆಯಾ ಅಂತ ಎಣಿಸಿ ನೋಡಿಕೊಳ್ಳಬೇಕು. ಇಳಿದು ಬಂದ ಕೂಡಲೇ ಮತ್ತೆ ಅದೇ ಪಿನ್ ಒಳಗೆ.

ಮಿಗ್‌ನಲ್ಲಿ ಇನ್ನೊಂದು ದೊಡ್ಡ ಕೆಲಸ ಟೇಲ್ ಚ್ಯೂಟ್. ಬಹಳ ವೇಗದಲ್ಲಿ ಇಳಿಯುವ ವಿಮಾನ ಅದು, ಬಾಲದ ಕಡೆಯಿಂದ ಪ್ಯಾರಾಚೂಟ್ ಬಿಚ್ಚಿ ವೇಗ ತಗ್ಗಿಸುತ್ತಾರೆ, ಆಮೇಲೆ ಅದನ್ನು ಕಳಚಿ ಬೀಳಿಸಿ ಮುಂದೆ ಹೋಗುತ್ತಾರೆ. ಓಡಿ ಹೋಗಿ ತರುವವರು ನಾವು. ಹರಿದಿದೆಯಾ ನೋಡಿ, ಒದ್ದೆ ಇದ್ದರೆ ಒಣಗಿಸಿ, ಮಡಚಿ, ಅಷ್ಟು ಚಿಕ್ಕ ಜಾಗಕ್ಕೆ ತುರುಕಬೇಕು. ಮದುವೆ ಮನೆಯ ಶಾಮಿಯಾನಾವನ್ನು ಸ್ಕೂಲ್ ಬ್ಯಾಗಿಗೆ ತುಂಬಿದ ಹಾಗೆ! ಮಳೆಗಾಲದಲ್ಲಂತೂ ಸಾಕುಸಾಕಾಗುತ್ತಿತ್ತು.

ಚಂಡೀಗಢ_ದಿನಗಳು:
ಫೈಟರ್‌ನವರು ಸುಮ್ನೆ ಜಾಸ್ತಿ ಬಿಲ್ಡಪ್ ಕೊಡುತ್ತಾರೆ 😄 ನಾನು ಎಎನ್-32 ಸರಕು ವಿಮಾನದ ಕಡೆಯವನು. ನಮ್ಮದು ಲೇಹ್‌ಗೆ ಸಾಮಾನು ಸಾಗಿಸುವ ಕೆಲಸ. ಅಲ್ಲಿನ ರನ್‌ವೇ ಹತ್ತು ಸಾವಿರ ಅಡಿಗಿಂತ ಎತ್ತರದಲ್ಲಿದೆ. ಗಾಳಿ ಮೊದಲೇ ತೆಳು, ಬಿಸಿಲೇರಿದರೆ ಇನ್ನೂ ತೆಳು, ರೆಕ್ಕೆಗೂ ಎಂಜಿನ್‌ಗೂ ಬಲ ಸಾಲುವುದಿಲ್ಲ. ಹಾಗಾಗಿ ಎಲ್ಲಾ ಓಡಾಟ ಬೆಳಿಗ್ಗೆಯೇ ಮುಗಿಯಬೇಕು, ಅಂದರೆ ನಾವು ನಡುರಾತ್ರಿಯೇ ಏಳಬೇಕು. ಜನವರಿಯ ಮಂಜಿನಲ್ಲಿ ವಿಮಾನ ರೆಡಿ ಮಾಡಿ ನಿಲ್ಲಿಸಿ, ವಿಸಿಬಿಲಿಟಿ ಇಲ್ಲ ಅಂತ ಗಂಟೆಗಟ್ಟಲೆ ಕಾದು, ಕೊನೆಗೆ ಕ್ಯಾನ್ಸಲ್ ಆದ ದಿನಗಳಿಗೆ ಲೆಕ್ಕವೇ ಇಲ್ಲ. ಚಳಿಗೆ ಕೈ ಸೆಟೆದುಕೊಂಡು ಸಣ್ಣ ಸ್ಕ್ರೂ ಹಿಡಿಯಲಾಗುತ್ತಿರಲಿಲ್ಲ, ಗ್ಲೌಸ್ ಹಾಕಿದರೆ ಸ್ಕ್ರೂ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ.

ಆದರೂ ಚೆನ್ನಾಗಿತ್ತು. ಪಂಜಾಬಿ, ಮಲಯಾಳಿ, ಬಿಹಾರಿ ಎಲ್ಲಾ ಒಂದೇ ಬಿಲೆಟ್‌ನಲ್ಲಿ, ಅಂದರೆ ನಾವು ಮಲಗುವ ಬ್ಯಾರಕ್‌ನಲ್ಲಿ. ನನ್ನ ಹಿಂದಿ ಅಲ್ಲೇ ಕಲಿತದ್ದು, ಇವತ್ತಿಗೂ ಅದರಲ್ಲಿ ಬೈಗುಳವೇ ಮೊದಲು ಬರುತ್ತದೆ.

ಅಕ್ಕ_ಬೆಳಗಾವಿ:
ಥ್ಯಾಂಕ್ಸ್ ಅಣ್ಣಂದಿರೇ, ಇದನ್ನೇ ಕೇಳಬೇಕಿತ್ತು. ಅಪಾಯದ ಬಗ್ಗೆ ಯಾರೂ ಹೇಳಲಿಲ್ಲ?

ಹಳೇ_ಫಿಟ್ಟರ್:
ಇದೆ. ಎಂಜಿನ್ ಓಡುವಾಗ ಮುಂದೆ ಹೋದರೆ ಗಾಳಿ ಒಳಗೆಳೆಯುತ್ತದೆ, ಹಿಂದೆ ಹೋದರೆ ಸುಡುತ್ತದೆ. ಆಕ್ಸಿಜನ್ ತುಂಬುವವರ ಕೈಯಲ್ಲಿ ಎಣ್ಣೆ, ಗ್ರೀಸ್ ಇರಲೇಬಾರದು, ಬೆಂಕಿ ಹತ್ತಿಕೊಳ್ಳುತ್ತದೆ. ಇದನ್ನೆಲ್ಲಾ ಬೈದು ಬೈದು ಕಲಿಸುತ್ತಾರೆ, ಹೆದರಬೇಡಿ. ಸದ್ದಿಲ್ಲದೆ ಹಾಳಾಗುವುದು ಕಿವಿ. ನಮ್ಮ ಕಾಲದಲ್ಲಿ ಇಯರ್ ಮಫ್ ಹಾಕಿಕೊಂಡರೆ ಸೀನಿಯರ್‌ಗಳು ನಗುತ್ತಿದ್ದರು. ಈಗ ನನ್ನ ಎಡಕಿವಿಯಲ್ಲಿ ಹಗಲುರಾತ್ರಿ ಕುಂಯ್ ಅನ್ನುತ್ತಿರುತ್ತದೆ. ಪ್ಲಗ್ಗೂ ಹಾಕು, ಮೇಲೆ ಮಫ್ಫೂ ಹಾಕು ಅಂತ ಹೇಳಿ ಅವನಿಗೆ.

ನೇರ_ಮಾತು:
ಎಲ್ಲಾ ಸರಿ, ನಾನು ಸ್ವಲ್ಪ ಕಹಿ ಹೇಳುತ್ತೇನೆ. ನಮಗೆ 20 ವರ್ಷದ ಸರ್ವಿಸ್ ಒಪ್ಪಂದ ಇತ್ತು. ಈ ಅಗ್ನಿವೀರ್ ಹುಡುಗರಿಗೆ 4 ವರ್ಷ, ಅದರಲ್ಲಿ ಟ್ರೇನಿಂಗೂ ಸೇರಿದೆ. ಆಮೇಲೆ ಹೆಚ್ಚೆಂದರೆ ಶೇ. 25 ಮಂದಿ ಉಳಿಯುತ್ತಾರೆ, ಉಳಿದವರಿಗೆ ಸುಮಾರು 11.71 ಲಕ್ಷ ಸೇವಾ ನಿಧಿ ಕೊಟ್ಟು ಕಳಿಸುತ್ತಾರೆ, ಪೆನ್ಶನ್ ಇಲ್ಲ. ನಮ್ಮ ಕೆಲಸದಲ್ಲಿ ಬೆಲೆ ಇರುವುದು ಸಹಿಗೆ. ವಿಮಾನದ ಸರ್ವಿಸಿಂಗ್ ದಾಖಲೆಯಾದ ಫಾರ್ಮ್ 700ರಲ್ಲಿ ನೀನು ಸಹಿ ಹಾಕಿದರೆ ಆ ಭಾಗ ಸರಿ ಇದೆ ಅಂತ ನಂಬಿ ಒಬ್ಬ ಮನುಷ್ಯ ಆಕಾಶಕ್ಕೆ ಹೋಗುತ್ತಾನೆ. ಹುಡುಗ ಒಂದು ವಿಮಾನವನ್ನು ಸರಿಯಾಗಿ ಅರ್ಥ ಮಾಡಿಕೊಂಡು ಆ ನಂಬಿಕೆ ಗಳಿಸುವ ಹೊತ್ತಿಗೆ ಮನೆಗೆ ಹೋಗುವ ಟೈಮ್ ಬಂದಿರುತ್ತದೆ.

ಚಂಡೀಗಢ_ದಿನಗಳು:
@ನೇರ_ಮಾತು ಅರ್ಧ ಒಪ್ಪುತ್ತೇನೆ. ಆದರೆ 20ನೇ ವಯಸ್ಸಿನಲ್ಲಿ ಬೇರೆ ಎಲ್ಲಿ ಇಂಥ ಕೆಲಸ ಕೈಗೆ ಕೊಡುತ್ತಾರೆ ಹೇಳಿ? ಅಕ್ಕ, ಒಂದು ವಿಷಯ ಈಗಲೇ ಅವನ ಕಿವಿಗೆ ಹಾಕಿ. ಹೊರಗೆ ಬಂದು ಏರ್‌ಲೈನ್‌ನಲ್ಲಿ ವಿಮಾನಕ್ಕೆ ಸಹಿ ಹಾಕುವ ಎಂಜಿನಿಯರ್ ಆಗಬೇಕಾದರೆ ಡಿಜಿಸಿಎ (ನಾಗರಿಕ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಲೈಸೆನ್ಸ್ ಬೇಕು, ಏರ್‌ಫೋರ್ಸ್ ಅನುಭವ ಒಂದೇ ಸಾಲದು, ಅದರ ಪರೀಕ್ಷೆ ಬೇರೆ. ಟೆಕ್ನಿಕಲ್ ಕೆಲಸ ಸಿಕ್ಕರೆ ಮೊದಲ ವರ್ಷದಿಂದಲೇ ಓದಲು ಶುರು ಮಾಡಲಿ. ಪುಸ್ತಕ ಬೇಕಿದ್ದರೆ ಮೆಸೇಜ್ ಮಾಡಿ, ನನ್ನ ಹತ್ತಿರ ಹಳೆಯವು ಒಂದಿಷ್ಟು ಬಿದ್ದಿವೆ.