ಅಪ್‌ಡೇಟ್: ರಿಕ್ಟರ್‌ಗಳೆಲ್ಲ ಒಂದೇ ಮನೆತನದವರಾ?

ಚಿತ್ರಕಾರ ಗೆರ್ಹಾರ್ಡ್ ರಿಕ್ಟರ್, ಪಿಯಾನೊ ವಾದಕ ಸ್ವಿಯಾತೊಸ್ಲಾವ್ ರಿಕ್ಟರ್, ಭೂಕಂಪ ಮಾಪಕದ ರಿಕ್ಟರ್ ಸಂಬಂಧಿಕರೇ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ನಿಮ್ಮ ಉತ್ತರ ನೋಡಿ ಒಬ್ಬೊಬ್ಬರ ಬಗ್ಗೆಯೂ ಓದಿದೆ. ಜರ್ಮನರಲ್ಲಿ ಇದು ತೀರಾ ಸಾಮಾನ್ಯ ಅಡ್ಡಹೆಸರು, ಹಾಗಾಗಿ ಹೆಸರೊಂದರಿಂದಲೇ ನಂಟು ಹೇಳಲಾಗದು.

ನನ್ನನ್ನು ಹಿಡಿದಿಟ್ಟವನು ಸ್ವಿಯಾತೊಸ್ಲಾವ್. 1915ರಲ್ಲಿ ಉಕ್ರೇನಿನ ಝಿಟೊಮಿರ್‌ನಲ್ಲಿ ಹುಟ್ಟಿದವನು. ಜರ್ಮನ್ ಮೂಲದ ತಂದೆಯೂ ಸಂಗೀತಗಾರ. 1941ರಲ್ಲಿ ಗೂಢಚಾರನೆಂದು ಆರೋಪಿಸಿ ಸೋವಿಯತ್ ಆಡಳಿತ ಆತನನ್ನು ಗುಂಡಿಟ್ಟು ಕೊಂದಿತು. ಓದುವಾಗ ಕರುಳು ಚುರ್ ಅಂತು. ಮಗ ಮುಂದೆ ವಯಸ್ಸಾದ ಮೇಲೆ ಸಭಾಂಗಣವನ್ನೆಲ್ಲ ಕತ್ತಲು ಮಾಡಿಸಿ, ಸ್ವರಲಿಪಿಯ ಮೇಲೆ ಒಂದು ಪುಟ್ಟ ದೀಪವಿಟ್ಟುಕೊಂಡು ನುಡಿಸುತ್ತಿದ್ದ. ಜನ ತನ್ನನ್ನು ನೋಡದೆ ಸಂಗೀತ ಕೇಳಲಿ ಅಂತ.

ಆಗಿನ ಪೂರ್ವ ಜರ್ಮನಿಯ ಡ್ರೆಸ್ಡೆನ್‌ನ ಗೆರ್ಹಾರ್ಡ್ 1961ರಲ್ಲಿ ಪಶ್ಚಿಮ ಜರ್ಮನಿಗೆ ಬಂದವರು. ಕಲೋನ್ ನಗರದ ದೊಡ್ಡ ಚರ್ಚಾದ ಕೆಥೆಡ್ರಲ್‌ಗೆ ಅವರು ವಿನ್ಯಾಸ ಮಾಡಿದ ಕಿಟಕಿಯಲ್ಲಿ (2007) 72 ಬಣ್ಣದ, ಸುಮಾರು 11,500 ಗಾಜಿನ ಚೌಕಗಳಿವೆ. ಸಂತರ ಚಿತ್ರ ಒಂದೂ ಇಲ್ಲ, ಬರೀ ಬಣ್ಣ. ಫೋಟೊ ನೋಡಿಯೇ ಮರುಳಾದೆ.

1935ರಲ್ಲಿ ಮಾಪಕ ರೂಪಿಸಿದ ಚಾರ್ಲ್ಸ್ ಅಮೆರಿಕದವನು.

ಸ್ವಿಯಾತೊಸ್ಲಾವ್ ನುಡಿಸಿದ, ಬಾಖ್, ಶೂಬರ್ಟ್ ಎಂಬ ಸಂಯೋಜಕರ ಕೃತಿಗಳನ್ನು ಈಗ ಕೇಳುತ್ತಿದ್ದೇನೆ. ಯಾವ ಧ್ವನಿಮುದ್ರಣ ಚೆನ್ನಾಗಿದೆ, ಗೊತ್ತಿದ್ದವರು ದಯವಿಟ್ಟು ತಿಳಿಸಿ.